ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಕತ್ತರಿಸುವ ವಿಷಯದಲ್ಲಿ ನಮ್ಮ ಮನೆಯವರಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿ ಬರಬೇಕು. ನಮ್ಮಣ್ಣ ನಲವತ್ತೆರಡು ವರ್ಷದಿಂದ ದರ್ಜಿ. ಗಿರಾಕಿ ಬೀದಿಯ ತಿರುವಿನಲ್ಲಿ ಕಾಣಿಸಿದರೆ ಸಾಕು, ಅವನ ಎದೆ, ಸೊಂಟ, ತೋಳಿನ ಅಳತೆಯನ್ನು ಅಣ್ಣ ಕೂತಲ್ಲೇ ಹೇಳುತ್ತಾನೆ. ಟೇಪು ಹಿಡಿಯುವುದು ಬಂದವನ ಸಮಾಧಾನಕ್ಕೆ. ನಾನು ಅವನ ತಂಗಿ. ಕಾಜಾ ಹೊಲಿಯುವುದು, ಗುಂಡಿ ಹಾಕುವುದು ನನ್ನ ಪಾಲು. ಇದುವರೆಗೆ ನಾನು ಹಾಕಿದ ಗುಂಡಿಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ ಹೊಸ್ತಿಲಿಂದ ಹೊರಟು ಸಮುದ್ರ ಮುಟ್ಟಿ, ಮೀನುಗಳಿಗೂ ಎರಡೆರಡು ಹಂಚಿ ವಾಪಸು ಬರಬಹುದು. ಒಂದೂ ಉದುರಿಲ್ಲ. ಅಂಗಿ ಹರಿದು ನೆಲ ಒರೆಸುವ ಚಿಂದಿಯಾದರೂ ಗುಂಡಿ ಮಾತ್ರ ನೆಲಕ್ಕೆ ಟಕಟಕ ಬಡಿಯುತ್ತಾ ನನ್ನ ಕೀರ್ತಿ ಸಾರುತ್ತಿರುತ್ತದೆ.

ಇಂಥ ಮನೆಯಲ್ಲಿ ಅಣ್ಣನ ಒಬ್ಬನೇ ಮಗನಾಗಿ ಹುಟ್ಟಿದವನು ನಮ್ಮ ಪ್ರೊಫೆಸರು. ಆ ಪದವಿಯನ್ನು ಯಾವ ಕಾಲೇಜೂ ಕೊಟ್ಟದ್ದಲ್ಲ, ಬೀದಿಯವರು ಕೊಟ್ಟದ್ದು. ಬಣ್ಣದ ಅಂಗಡಿಯಲ್ಲಿ ಡಬ್ಬ ಕುಲುಕುವ ಯಂತ್ರದ ಸ್ವಿಚ್ಚು ಒತ್ತುವುದು ಅವನ ಉದ್ಯೋಗ. ಯಂತ್ರ ಕುಲುಕಿ ನಿಲ್ಲುವ ಮೂರು ನಿಮಿಷದಲ್ಲಿ ಗಿರಾಕಿಯ ಗೋಡೆ ಏಕೆ ಬಿರುಕು ಬಿಟ್ಟಿದೆ ಎಂಬಲ್ಲಿಂದ ಶುರು ಮಾಡಿ ಅವನ ಮಂಡಿ ಏಕೆ ನೋಯುತ್ತಿದೆ ಎಂಬಲ್ಲಿಯವರೆಗೆ ಉಪನ್ಯಾಸ ಕೊಟ್ಟು ಮುಗಿಸುತ್ತಾನೆ. ಇವನಿಂದ ಬಣ್ಣ ಕೊಂಡವರು ಎರಡನೇ ಸಲ ಬೇರೆ ಅಂಗಡಿಗೆ ಹೋಗುತ್ತಾರೆ.

ಅವನ ಹೆಂಡತಿ, ನಮ್ಮ ಸೊಸೆ, ದಿನಕ್ಕೆ ಹನ್ನೊಂದು ಮಾತು ಆಡುತ್ತಾಳೆ. ನಾನು ಎಣಿಸಿದ್ದೇನೆ. ಬೇಕರಿಯ ಒಲೆ ಬಾಯಿಯ ಎದುರು ನಿಂತು ಬ್ರೆಡ್ಡು ಹೊರಗೆಳೆದು ಪೊಟ್ಟಣ ಕಟ್ಟುವ ಕೆಲಸ ಅವಳದು. ಆರು ವರ್ಷದಲ್ಲಿ ಅವಳ ಮುಂಗೈ ಮೇಲೆ ಸುಟ್ಟ ಗೆರೆಗಳು ಟೇಪಿನ ಮೇಲಿನ ಇಂಚುಗಳ ಹಾಗೆ ಸಾಲಾಗಿ ಮೂಡಿವೆ. ಒಂದು ದಿನ ಊಟದ ನಡುವೆ ಅವಳು ದಿನದ ಮಾತನ್ನೆಲ್ಲ ಒಮ್ಮೆಗೇ ಖರ್ಚು ಮಾಡಿದಳು.

"ಗುಡ್ಡದ ಕಲ್ಲುಕ್ವಾರಿಗಳಿಗೆ ಬ್ರೆಡ್ಡು ಸಾಗ್ಸೋ ಕೆಲಸ ನಂಗೆ ಕೊಡ್ತಾರಂತೆ. ಗಾಡಿ ಮಾತ್ರ ನಮ್ದೇ ಇರ್ಬೇಕಂತೆ."

ಬೇಕರಿ ಯಜಮಾನನ ಷರತ್ತು ಇಷ್ಟು: ವ್ಯಾನು ಹತ್ತದ ದಾರಿ ಅದು. ತಿಂಗಳ ಕೊನೆಯ ಭಾನುವಾರ ಪೂರ್ತಿ ಲೋಡು ಹೇರಿಕೊಂಡು, ಅವನನ್ನೂ ಹಿಂದೆ ಕೂರಿಸಿಕೊಂಡು ಮೂರನೇ ಕ್ವಾರಿ ಮುಟ್ಟಿಸಬೇಕು. ಮುಟ್ಟಿದರೆ ಕೆಲಸ ಅವಳದು. ಇಲ್ಲವಾದರೆ ಯಜಮಾನನ ಭಾಮೈದ ಕಾದು ಕೂತಿದ್ದಾನೆ. ಅವಳು ಮತ್ತೆ ಒಲೆಯ ಬಾಯಿಗೆ.

ಆರು ವರ್ಷ ಕೂಡಿಟ್ಟದ್ದನ್ನು ಸುರಿದು ಅವಳು ಒಂದು ಹಳೆಯ ಗಾಡಿ ತಂದಳು. ಬೈಕಿನ ಹ್ಯಾಂಡಲ್ಲು, ಟ್ರ್ಯಾಕ್ಟರಿನಂಥ ನಾಲ್ಕು ಚಕ್ರ, ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಅಗಲವಾದ ಮಡ್‌ಗಾರ್ಡುಗಳು. ಅದನ್ನು ಎಟಿವಿ ಅನ್ನಬೇಕಂತೆ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ ಹಾಗೆ ನಿಂತಿತ್ತು. ನಾನು ಕಪ್ಪೆ ಅಂದೆ. ಸಂಜೆಯೊಳಗೆ ಇಡೀ ಬೀದಿ ಕಪ್ಪೆ ಅನ್ನುತ್ತಿತ್ತು. ನಾನಿಟ್ಟ ಹೆಸರೂ ನಾನು ಹಾಕಿದ ಗುಂಡಿಯ ಹಾಗೇ, ಉದುರುವುದಿಲ್ಲ.

ಕಪ್ಪೆ ಬಂದ ದಿನ ಸರಿಯಾಗಿಯೇ ಇತ್ತು. ಕೆಟ್ಟದ್ದು ಪ್ರೊಫೆಸರು ಅದನ್ನು ಸರಿ ಮಾಡಿದ ಮೇಲೆ.

"ಟೈರು ಸಣ್ಣ ಆಯ್ತು" ಅಂದ. "ಗುಡ್ಡಕ್ಕೆ ಹೋಗೋ ಗಾಡಿಗೆ ಒಂದು ಗತ್ತು ಬೇಡ್ವಾ?"

"ಗತ್ತು ಬೇಡ ರೀ. ಬ್ರೆಡ್ಡು ಹೋದ್ರೆ ಸಾಕು" ಅಂದಳು ಸೊಸೆ.

ಅವಳು ಬೇಕರಿಗೆ ಹೋದದ್ದೇ ತಡ, ಒಳ್ಳೆಯ ಟೈರುಗಳನ್ನು ಯಾರಿಗೋ ಕೊಟ್ಟು, ಮೇಲೆ ತನ್ನ ಕೈಗಡಿಯಾರವನ್ನೂ ಕೊಟ್ಟು ಆನೆಗೂ ದೊಡ್ಡದಾಗುವಂಥ ಟೈರುಗಳನ್ನು ತಂದು ಹಾಕಿಸಿದ. ಸಂಜೆ ಅವಳು ಹತ್ತಿ ಕೂತು ಹ್ಯಾಂಡಲ್ಲು ತಿರುಗಿಸಿದಳು. ಗರ್ರ್ ಅಂತ ಒಂದು ಸದ್ದು ಬಂತು ನೋಡಿ, ಪಕ್ಕದ ಮನೆಯ ಬೆಕ್ಕು ಮೂರು ದಿನ ಊಟ ಬಿಟ್ಟಿತು. ಮುಂದಿನ ಎರಡೂ ಟೈರುಗಳು ಮಡ್‌ಗಾರ್ಡಿಗೆ ಉಜ್ಜುತ್ತಿದ್ದವು.

ಮೆಕ್ಯಾನಿಕ್ಕಿನ ಹತ್ತಿರ ಹೋದರು. ಅವನು ಟೈರು ನೋಡಿದ, ಪ್ರೊಫೆಸರನ್ನು ನೋಡಿದ, ಕೈ ಒರೆಸಿಕೊಂಡ.

"ಕಾಲಿಗಿಂತ ದೊಡ್ಡ ಚಪ್ಪಲಿ ತಂದು, ಈಗ ಬಾಗ್ಲು ಕೊಯ್ಯೋಣ ಅಂತೀರಾ?"

"ಮಡ್‌ಗಾರ್ಡು ಒಂಚೂರು ಟ್ರಿಮ್ ಮಾಡ್ಬೇಕು, ಅಷ್ಟೇ" ಅಂದ ಪ್ರೊಫೆಸರು.

"ಮಾಡ್ಕೊಡ್ತೀನಿ. ಗಾಡಿ ಬಿಟ್ಟು ಹೋಗಿ. ಇವ್ರನ್ನ ಮಾತ್ರ ಬಿಟ್ಟು ಹೋಗ್ಬೇಡಮ್ಮ, ಕರ್ಕೊಂಡ್ ಹೋಗು."

ಈ ಒಂದು ಮಾತಿಗೆ ಪ್ರೊಫೆಸರು ಗಾಡಿಯನ್ನು ವಾಪಸು ತಳ್ಳಿಸಿಕೊಂಡು ಬಂದ. ತಳ್ಳಿದವಳು ಹೆಂಡತಿ. ಅವನು ಪಕ್ಕದಲ್ಲಿ ನಡೆಯುತ್ತಾ ಮೆಕ್ಯಾನಿಕ್ಕಿನ ಅಜ್ಞಾನವನ್ನು ವಿವರಿಸುತ್ತಿದ್ದ.

"ಕತ್ತರಿ ಹಿಡಿದ ವಂಶ ಸಣ್ಣತ್ತೆ ನಮ್ದು!" ಅಂದ ನನಗೆ. "ಒಂದು ಪ್ಲಾಸ್ಟಿಕ್ ಕೊಯ್ಯೋಕೆ ಕಂಡವರ ಬಾಗ್ಲಿಗೆ ಹೋಗ್ಬೇಕಾ?"

"ವಂಶ ಕತ್ತರಿ ಹಿಡಿದಿದೆ ಕಣೋ. ನೀನು ಹಿಡಿದಿರೋದು ಮೊಬೈಲು" ಅಂದೆ.

ಮೊಬೈಲಿನಲ್ಲಿ ಅವನು ಆ ವಿಷಯದ ಮೇಲೆ ನಲವತ್ತು ವಿಡಿಯೋ ನೋಡಿದ್ದ. ನಲವತ್ತರಲ್ಲೂ ಕೊನೆಯ ಅರ್ಧ ನೋಡಿರಲಿಲ್ಲ. ಮೊದಲ ವಾರದ ರಜಾ ದಿನ ಕಪ್ಪೆಯನ್ನು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿದ. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಹಾಗೆ ಜೋತಾಡುವಾಗ ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಒಂದು ಕುರ್ಚಿ ಹಾಕಿ ಕೂರುವಷ್ಟು ಜಾಗ. ಅದನ್ನೇ ನೋಡಿ ಗೆರೆ ಎಳೆದ. ಅಂಗಡಿಯಿಂದ ತಂದ ಕರೆಂಟಿನ ಗರಗಸವನ್ನು ಪೂರ್ತಿ ವೇಗಕ್ಕೆ ಇಟ್ಟ. ಆ ವೇಗಕ್ಕೆ ಪ್ಲಾಸ್ಟಿಕ್ಕು ಕೊಯ್ಯಿಸಿಕೊಳ್ಳಲಿಲ್ಲ, ಕರಗಿತು. ಅಲಗು ಒಂದು ಗೇಣು ಮುಂದೆ ಹೋಗುವುದರೊಳಗೆ ಹಿಂದೆ ಕೊಯ್ದದ್ದು ಬೆಸೆದುಕೊಂಡು ಮೊದಲಿಗಿಂತ ಗಟ್ಟಿಯಾಗುತ್ತಿತ್ತು. ಮೂರು ಗಂಟೆ ಕೊಯ್ದ. ಕೊಯ್ದ ಜಾಗವೇ ಮೂರು ಸಲ ಕೊಯ್ದದ್ದಾಯಿತು.

ಅಂದು ಊಟಕ್ಕೆ ಮೊಟ್ಟೆ, ಬೇಯಿಸಿದ ಆಲೂಗಡ್ಡೆ. ಅತ್ತಿಗೆ ಎಂದಿನಂತೆ ಮೊದಲು ಮಗನ ತಟ್ಟೆಗೆ ಬಡಿಸಿದಳು. ನಮ್ಮ ಮನೆಯಲ್ಲಿ ಸೌಟು ಏಳುವುದೇ ಅವನ ಕಡೆಗೆ; ಅವನು ಹುಟ್ಟಿದ ದಿನದಿಂದ ಅದಕ್ಕೆ ಬೇರೆ ದಿಕ್ಕು ಗೊತ್ತಿಲ್ಲ.

"ಮೊಟ್ಟೇಲೂ ಚಪ್ಪಲಿ ಸುಟ್ಟ ವಾಸ್ನೆ" ಅಂದ ಅಣ್ಣ.

"ಪಾಪ, ಬೆಳಗಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದೋಗಿದೆ ಮಗೂಗೆ" ಅಂದಳು ಅತ್ತಿಗೆ. ಮಗುವಿಗೆ ಮೂವತ್ತನಾಲ್ಕು. "ಯಾರಿಗೋಸ್ಕರ ಮಾಡ್ತಿದ್ದಾನೆ? ಹೆಂಡ್ತಿಗೋಸ್ಕರ ತಾನೇ?"

"ನಾನು ಕೇಳಿರ್ಲಿಲ್ಲ ಅತ್ತೆ" ಅಂದಳು ಸೊಸೆ.

"ಕೇಳ್ದೇ ಮಾಡೋದಕ್ಕೇ ಪ್ರೀತಿ ಅನ್ನೋದು!"

"ಮೆಕ್ಯಾನಿಕ್ಕಿಗೆ ಕೊಡೋಣ ರೀ. ಇನ್ನು ಮೂರೇ ವಾರ ಇದೆ."

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?" ಪ್ರೊಫೆಸರು ತಟ್ಟೆ ದೂಡಿದ. ಪೂರ್ತಿ ದೂಡಲಿಲ್ಲ, ಮೊಟ್ಟೆ ಕೈಗೆ ಸಿಗುವಷ್ಟೇ ದೂರ.

"ಇಲ್ಲ" ಅಂದಳು ಸೊಸೆ. ಅಂದಿನ ಹನ್ನೊಂದು ಮಾತಿನಲ್ಲಿ ಅದೇ ಚಿಕ್ಕದು. ಅವನು ಮಾತ್ರ ಮೊಟ್ಟೆಯ ಮೇಲೆ ಉಪ್ಪು ಉದುರಿಸುತ್ತಿದ್ದ, ಕೇಳಿಸಿಕೊಳ್ಳಲಿಲ್ಲ.

ಎರಡನೇ ವಾರ ಕಪ್ಪೆಯನ್ನು ಇಟ್ಟಿಗೆಯಿಂದ ಇಳಿಸಿದ. ಖಾಲಿ ಗಾಡಿ, ನೇರ ಹ್ಯಾಂಡಲ್ಲು: ಎಲ್ಲೂ ಸದ್ದಿಲ್ಲ. ಜಗತ್ತು ಗೆದ್ದವನ ಹಾಗೆ ಬೀದಿಯವರನ್ನೆಲ್ಲ ಕರೆದ. ಸೊಸೆ ಬಂದು ಕೂತಳು. ಅವಳ ತೂಕ ಎಷ್ಟು? ಒಂದು ಒದ್ದೆ ಬೆಡ್‌ಶೀಟಿನಷ್ಟು. ಅಷ್ಟಕ್ಕೇ ಗಾಡಿ ಕುಗ್ಗಿತು, ಹ್ಯಾಂಡಲ್ಲು ತಿರುಗಿತು, ಗರ್ರ್. ಬೀದಿಯವರು ನಕ್ಕದ್ದಕ್ಕೆ ನಮ್ಮ ಮನೆಯ ಒಂದು ಹಂಚು ಜಾರಿತು.

"ಫಿನಿಶಿಂಗ್ ಬಾಕಿ ಇದೆ" ಅಂದ ಪ್ರೊಫೆಸರು.

ಫಿನಿಶಿಂಗಿಗೆ ಅವನು ಎತ್ತಿಕೊಂಡದ್ದು ಏನು ಗೊತ್ತೇ? ಅಣ್ಣನ ದೊಡ್ಡ ಕತ್ತರಿ. ಆ ಕತ್ತರಿಯಿಂದ ಕಾಗದ ಕತ್ತರಿಸಿದವರನ್ನೇ ನಮ್ಮ ಮನೆಯಲ್ಲಿ ಒಂದು ವಾರ ಯಾರೂ ಮಾತಾಡಿಸುವುದಿಲ್ಲ. ಅತ್ತಿಗೆ ಮದುವೆಯಾದ ಹೊಸತರಲ್ಲಿ ಅದರಿಂದ ಒಂದು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದ್ದಳು. ಆ ಹಾಲನ್ನು ಅಣ್ಣ ಈಗಲೂ ನೆನಪಿಸುತ್ತಾನೆ.

ಮಾರನೇ ದಿನ ಬೆಳಿಗ್ಗೆ ಅಣ್ಣ ಒಬ್ಬ ವಕೀಲರ ಕೋಟಿನ ಬಟ್ಟೆ ಹಾಸಿ ಕತ್ತರಿ ಇಟ್ಟ. ಎರಡು ಇಂಚು ಹೋಗಿ ಅಲಗು ಬಟ್ಟೆಯನ್ನು ಕಚ್ಚಿಕೊಂಡಿತು, ಅಗಿಯಿತು. ಅಣ್ಣ ಕತ್ತರಿಯನ್ನು ಮೂಗಿನ ಹತ್ತಿರ ತಂದು ಮೂಸಿದ.

"ಪ್ಲಾಸ್ಟಿಕ್ಕು" ಅಂದ.

ಪ್ರೊಫೆಸರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

"ಅಪ್ಪ, ಸ್ವಲ್ಪ, ತುದೀಲಿ ಅಷ್ಟೇ..."

"ಬಟ್ಟೆ ಮೈಮೇಲೆ ಇಟ್ಟು ನೋಡ್ದೆ ಕತ್ತರಿಸೋನನ್ನ ದರ್ಜಿ ಅನ್ನಲ್ಲ ಕಣೋ, ಇಲಿ ಅಂತಾರೆ. ಇಲೀನೂ ಹೊಟ್ಟೆಗೋಸ್ಕರ ಕಡಿಯುತ್ತೆ. ನೀನು ಯಾತಕ್ಕೋಸ್ಕರ ಕಡಿದೆ?"

"ಮನೇಗೋಸ್ಕರ!"

"ಮನೆಗೋಸ್ಕರ ಒಂದು ಉಪಕಾರ ಮಾಡು. ಸುಮ್ನಿರು."

"ಗಂಡ್ಮಗೂನ ಹಾಗೆಲ್ಲ ಅನ್ಬೇಡ್ರಿ" ಅಂತ ಅತ್ತಿಗೆ ಅಡುಗೆಮನೆಯಿಂದ ಕೂಗಿದಳು. ಅಣ್ಣ ಅಂದು ಊಟಕ್ಕೆ ಕೂರಲಿಲ್ಲ. ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಯಿಲೆ ಬಿದ್ದ ಮೊಮ್ಮಗುವನ್ನು ಸವರುವ ಹಾಗೆ ಎಣ್ಣೆ ಸವರುತ್ತಾ ಕೂತಿದ್ದ. ನಾನು ಅವನ ಪಾಲನ್ನೂ ಉಂಡೆ. ದುಃಖದಲ್ಲಿ ನನಗೆ ಹಸಿವು ಜಾಸ್ತಿ.

ಸೊಸೆ ಮಾವನ ಎದುರು ಬಂದು ನಿಂತದ್ದು ಮರುದಿನ. ಕೈಯಲ್ಲಿ ಹೊಸ ಸುಟ್ಟಗಾಯ, ಅದರ ಮೇಲೆ ಹಿಟ್ಟು.

"ಮಾವ, ಆ ಭಾನುವಾರಕ್ಕೆ ಹತ್ತು ದಿನ ಇದೆ. ಮೆಕ್ಯಾನಿಕ್ಕು ಊರಲ್ಲಿಲ್ಲ. ನೀವೇ ಅಳತೆ ತಗೊಳ್ಳಿ."

"ನಾನು ಗಾಡಿಗೆ ಹೊಲಿಯೋನಲ್ಲ ತಾಯಿ."

"ಹೊಲಿಯೋದು ಬೇಡ ಮಾವ. ಕತ್ತರಿಸಿ."

ಅಣ್ಣ ಮಗನ ಕಡೆ ಒಮ್ಮೆ ನೋಡಿದ. ಸೊಸೆಯ ಮೇಲಿನ ಕರುಣೆಯಿಂದ ಎದ್ದ ಅಂತ ನಾನು ಹೇಳುವುದಿಲ್ಲ. ಮಗನಿಗೆ ಕತ್ತರಿಸುವುದೆಂದರೆ ಏನೆಂದು ತೋರಿಸಬೇಕಿತ್ತು. ಆ ಉರಿಯಲ್ಲಿ ಅವನು ಬೆಟ್ಟವನ್ನು ಬೇಕಾದರೂ ಎರಡು ತೋಳಿನ ಅಂಗಿ ಮಾಡಿಬಿಡುತ್ತಿದ್ದ.

ವಕೀಲರ ಕೋಟು ಮುಗಿದ ಮೇಲೆ, ಕೊನೆಯ ವಾರದ ಶುಕ್ರವಾರ ಅಳತೆ ನಡೆಯಿತು. ಅಂಥ ಅಳತೆ ರಾಜರಿಗೂ ಆಗಿರಲಿಕ್ಕಿಲ್ಲ. ಕಪ್ಪೆ ನೆಲದ ಮೇಲೆ. ಸೀಟಿನ ಮೇಲೆ ಸೊಸೆ. ಮುಂದಿನ ಕಂಬಿಗಳ ಮೇಲೆ ಎರಡು ಹಿಟ್ಟಿನ ಮೂಟೆ, ಬ್ರೆಡ್ಡಿನ ಬದಲಿಗೆ. ಹಿಂದೆ, ಬೇಕರಿ ಯಜಮಾನನ ಬದಲಿಗೆ ನಾನು. ನನ್ನ ತೂಕ ಹೇಳುವುದಿಲ್ಲ; ನಾನು ಕೂತ ಕ್ಷಣ ಭೂಮಿಯ ಆ ಬದಿಯಲ್ಲಿ ಯಾರೋ ಒಬ್ಬರು ಮೇಲಕ್ಕೆ ನೆಗೆದಿರಬೇಕು.

"ಎಡಕ್ಕೆ ಪೂರ್ತಿ ತಿರುಗ್ಸಮ್ಮ" ಅಂದ ಅಣ್ಣ. "ಹಾಂ. ಉಸಿರು ಬಿಡು."

"ಗಾಡಿಗೆ ಉಸಿರೆಲ್ಲಿ ಮಾವ?"

"ನೀನು ಬಿಡು. ಬಿಗಿ ಹಿಡಿದು ಕೂತವರ ಅಳತೆ ಸುಳ್ಳು ಬರುತ್ತೆ. ಈಗ ಬಲಕ್ಕೆ."

ಪ್ಲಾಸ್ಟಿಕ್ಕಿನ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲವೆಂದು ಪೇಂಟರುಗಳು ಅಂಟಿಸುವ ಕಾಗದದ ಟೇಪನ್ನು ಅಂಚಿಗೆ ಅಗಲವಾಗಿ ಅಂಟಿಸಿದ್ದರು. ಪ್ರೊಫೆಸರು ಅಂಗಡಿಯಿಂದ ತಂದುಕೊಟ್ಟದ್ದು. ಈ ಇಡೀ ವ್ಯವಹಾರದಲ್ಲಿ ಅವನಿಂದಾದ ಒಂದೇ ಒಂದು ಕೆಲಸ ಅದು, ಅದನ್ನು ಹತ್ತು ಸಲ ಹೇಳಿದ. ಟೇಪಿನ ಮೇಲೆ ಅಣ್ಣ ನೀಲಿ ಸುಣ್ಣದಲ್ಲಿ, ಟೈರು ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ ಕಾಲು ಇಂಚು ಜಾಗ ಬಿಟ್ಟು ಗೆರೆ ಎಳೆದ. ಆ ಗೆರೆಯ ಚೆಂದ ನೋಡಿ! ಹೆರಿಗೆಯಾದ ಮೇಲೆ ಮೊದಲ ಸಲ ಬಾಗಿದ ಚಂದ್ರನ ಹಾಗಿತ್ತು ಅಂತ ಅತ್ತಿಗೆ ಅಂದಳು. ಚಂದ್ರನಿಗೆ ಹೆರಿಗೆ ಯಾವಾಗ ಆಯಿತೋ, ಅವಳಿಗೇ ಗೊತ್ತು.

ಶನಿವಾರ ಮಧ್ಯಾಹ್ನ ಸೊಸೆ ಬೇಕರಿಯಲ್ಲಿದ್ದಾಗ ಅಣ್ಣ ಕೊಯ್ದ. ಕರೆಂಟಿನ ಗರಗಸವಿಲ್ಲ, ಕಬ್ಬಿಣ ಕೊಯ್ಯುವ ಗರಗಸದ ಬರೀ ಅಲಗು, ಒಂದು ತುದಿಗೆ ಚಿಂದಿ ಸುತ್ತಿ ಹಿಡಿ. ನಿಧಾನ, ಉಸಿರಿನ ಲೆಕ್ಕದಲ್ಲಿ. ನಾನು ಪ್ಲಾಸ್ಟಿಕ್ಕು ಅಲುಗದ ಹಾಗೆ ಹಿಡಿದಿದ್ದೆ. ಅಲಗು ನೀಲಿ ಗೆರೆಯನ್ನು ಮುಟ್ಟಲಿಲ್ಲ. ಟೈರಿನ ಕಡೆಗೆ ಅರ್ಧ ಇಂಚು ಹೊರಗೆ, ಗೆರೆಯ ಪಕ್ಕದಲ್ಲೇ ಅದರ ನೆರಳಿನ ಹಾಗೆ ಸಾಗಿತು. ಅದನ್ನು ಕಂಡು ನಾನು ಆಹಾ ಅಂದೆ. ನಲವತ್ತೆರಡು ವರ್ಷದಿಂದ ನೋಡಿದ ಕೈ ಅದು. ಅದು ಎಲ್ಲಿ ಸಾಗಬೇಕೋ ಅಲ್ಲೇ ಸಾಗುತ್ತಿತ್ತು. ಆಮೇಲೆ ಗಾಜಿನ ಚೂರಿನಿಂದ ಅಂಚು ಹೆರೆದು, ಉಪ್ಪುಕಾಗದ ಉಜ್ಜಿ, ಕೆನ್ನೆ ಇಟ್ಟು ನೋಡಿದ. ಮಗುವಿಗೆ ದಿಂಬಾಗುವಷ್ಟು ನಯ.

ಸೊಸೆ ಬಂದು ಬಗ್ಗಿ ನೋಡಿದಳು. ಟೇಪಿನ ಮೇಲೆ ಬೆರಳಿಟ್ಟಳು.

"ಮಾವ, ಗೆರೆ ಇನ್ನೂ ಕಾಣ್ತಿದೆಯಲ್ಲ?"

"ಗೆರೆ ಮೇಲೇ ಕೊಯ್ಯೋರು ಹೊಸಬರು ತಾಯಿ. ಹೊಲಿಗೆಗೆ ಅರ್ಧ ಇಂಚು ಬಿಡೋದು ನಿಯಮ."

"ಹೊಲಿಯೋದು ಏನಿದೆ ಇಲ್ಲಿ?"

"ಅಪ್ಪನ ಕೈ ಅದು" ಅಂದ ಪ್ರೊಫೆಸರು. "ನಿನ್ನೆ ಮೊನ್ನೆ ಬಂದವಳು ಹೇಳ್ಕೊಡ್ತೀಯಾ?" ಅಪ್ಪನೂ ಮಗನೂ ಒಂದೇ ಪಕ್ಷವಾದದ್ದು ಆ ಮೂರು ವಾರದಲ್ಲಿ ಅದೇ ಮೊದಲು.

"ಮತ್ತೆ ಎಲ್ರೂ ಕೂತು ಒಂದ್ಸಲ ತಿರುಗ್ಸಿ ನೋಡೋಣ ಮಾವ."

"ನಾನು ಹೊಲಿದದ್ದಕ್ಕೆ ಟ್ರಯಲ್ಲು ಕೇಳಿದೋರು ಇದುವರೆಗೆ ಇಬ್ರೇ. ಇಬ್ರೂ ಈಗಿಲ್ಲ" ಅಂದ ಅಣ್ಣ.

ನಾನೂ ಸುಮ್ಮನಿರಲಿಲ್ಲ. "ಅಣ್ಣನ ಅಂಚು ಅಂದ್ರೆ ಏನಂದ್ಕೊಂಡೆ?" ಅಂದೆ. ಸೊಸೆ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಒಳಗೆ ಹೋಗಿ ಬ್ರೆಡ್ಡು ಕೊಯ್ಯುವ ಹಲ್ಲಿನ ಚಾಕುವನ್ನು ತೊಳೆದು, ಬಟ್ಟೆ ಸುತ್ತಿ ಕಪ್ಪೆಯ ಸಾಮಾನಿನ ಡಬ್ಬದಲ್ಲಿ ಇಟ್ಟಳು.

ಗುಡ್ಡದ ಮೇಲೆ ನಡೆದದ್ದನ್ನು ನಾನು ಕಂಡವಳಲ್ಲ. ಬೇಕರಿ ಯಜಮಾನ ಅಂಗಡಿಯ ಮುಂದೆ ನಿಂತು ಇಡೀ ಬೀದಿಗೆ ಹೇಳಿದ್ದು. ಮೊದಲನೇ ಕ್ವಾರಿಯವರೆಗೆ ದಾರಿ ನೇರ, ಸುಸೂತ್ರ. ಅಲ್ಲಿಂದ ಮುಂದೆ ಹಾವಿನ ಹಾಗೆ ತಿರುವು. ಮೊದಲ ತಿರುವಿನಲ್ಲೇ ಎರಡೂ ಕಡೆಯಿಂದ ಗರ್ರ್. ಎರಡನೇ ತಿರುವಿಗೆ ರಬ್ಬರಿನ ಹೊಗೆ. ಯಜಮಾನ ಹಿಂದಿನಿಂದ ಅಂದನಂತೆ: "ಸಾಕಮ್ಮ, ತಿರುಗ್ಸು. ಟೈರು ಒಡೆದ್ರೆ ನಾನೂ ಬ್ರೆಡ್ಡೂ ಒಟ್ಗೇ ಕಣಿವೇಗೆ. ನಮ್ ಭಾಮೈದಂಗೆ ಹೇಳ್ತೀನಿ."

ಅವಳು ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟಳು. "ಇಳೀಬೇಡಿ. ನೀವು ಕೂತಿದ್ರೇನೇ ಅಳತೆ ಸರಿ ಇರುತ್ತೆ" ಅಂದಳು. ಡಬ್ಬದಿಂದ ಚಾಕು ತೆಗೆದಳು. ಬಿಸಿಲಲ್ಲಿ ಮಂಡಿಯೂರಿ ನೀಲಿ ಗೆರೆಯ ಮೇಲೇ ಚಾಕು ಇಟ್ಟು ಗರಗಸದ ಹಾಗೆ ಎಳೆಯತೊಡಗಿದಳು. ಎಡಗಡೆಗೆ ಅರ್ಧ ಗಂಟೆ, ಬಲಗಡೆಗೆ ಅದಕ್ಕೂ ಹೆಚ್ಚು. ಯಜಮಾನ ಮೂರು ಸಲ ಗಡಿಯಾರ ನೋಡಿದ, ನಾಲ್ಕನೇ ಸಲ ನೋಡುವುದು ಬಿಟ್ಟು ಅವಳ ಕೈ ನೋಡಿದನಂತೆ. ಆರು ವರ್ಷ ಅವನ ಒಲೆಯ ಮುಂದೆಯೇ ಇದ್ದ ಕೈ.

ಆಮೇಲೆ ಮೂರನೇ ಕ್ವಾರಿ ಮುಟ್ಟುವವರೆಗೂ ಕಪ್ಪೆ ಒಂದು ಸಲವೂ ಗರ್ರ್ ಅನ್ನಲಿಲ್ಲ. ಬ್ರೆಡ್ಡು ತಡವಾಗಿ ಹೋಯಿತು, ಆದರೆ ಹೋಯಿತು.

ಸಂಜೆ ನಾವು ಊಟಕ್ಕೆ ಕೂತಿದ್ದೆವು. ಸೊಸೆ ಬಂದವಳು ಕೈ ತೊಳೆಯಲಿಲ್ಲ. ಬೆರಳುಗಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಮೇಜಿನ ಮಧ್ಯೆ, ಆಲೂಗಡ್ಡೆಯ ಪಾತ್ರೆಯ ಪಕ್ಕದಲ್ಲಿ ಎರಡು ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಇಟ್ಟಳು. ಬಾಗಿದ, ಉದ್ದನೆಯ, ಟೇಪು ಅಂಟಿದ ಪಟ್ಟಿಗಳು.

"ನಿಮ್ಮ ಹೊಲಿಗೆ ಅಂಚು ಮಾವ. ಕೆಲಸ ನಂಗೇ ಕೊಟ್ರು. ನಾಳೆಯಿಂದ."

ಅಣ್ಣ ಪಟ್ಟಿ ಎತ್ತಿಕೊಂಡ. ಕ್ಷಮೆ ಕೇಳುತ್ತಾನೆ ಅಂದುಕೊಂಡಿರಾ? ಕತ್ತಿನಿಂದ ಟೇಪು ತೆಗೆದು ಈ ತುದಿ ಅಳೆದ, ನಡು ಅಳೆದ, ಆ ತುದಿ ಅಳೆದ. ಅವನ ಮುಖ ಮೂರು ವಾರದಲ್ಲಿ ಮೊದಲ ಸಲ ಅರಳಿತು.

"ಅರ್ಧ ಇಂಚು! ಎಲ್ಲಿ ಬೇಕಾದ್ರೂ ನೋಡು. ಒಂದು ನೂಲು ಹೆಚ್ಚುಕಮ್ಮಿ ಇದ್ಯಾ?"

"ಇಲ್ಲ ಮಾವ" ಅಂದಳು ಸೊಸೆ. "ಅದಕ್ಕೇ ಎರಡೂ ಕಡೆ ಒಟ್ಟಿಗೇ ಉಜ್ಜಿತು."

ಅಣ್ಣ ಪಟ್ಟಿಯನ್ನು ಕೆಳಗಿಟ್ಟ. ಪ್ರೊಫೆಸರು ಗಂಟಲು ಸರಿಮಾಡಿಕೊಂಡ. "ನಾನು ಆಗ್ಲೇ ಹೇಳೋಣ ಅಂತಿದ್ದೆ. ಮುಂದಿನ ವಾರ ಹಿಂದಿನ ಮಡ್‌ಗಾರ್ಡನ್ನ ನಾನೇ..."

ಸೊಸೆ ಕಪ್ಪೆಯ ಕೀಲಿಯ ದಾರವನ್ನು ಕುತ್ತಿಗೆಗೆ ಹಾಕಿಕೊಂಡು ಕುಪ್ಪಸದೊಳಗೆ ಬಿಟ್ಟಳು, ಕುರ್ಚಿ ಎಳೆದು ಕೂತಳು.

ಅತ್ತಿಗೆಯ ಸೌಟು ಎಂದಿನಂತೆ ಮಗನ ತಟ್ಟೆಯ ಕಡೆ ಹೊರಟಿತ್ತು. ಅರ್ಧ ದಾರಿಯಲ್ಲಿ ನಿಂತಿತು. ಅವಳು ಸೊಸೆಯ ಕೈಯ ಬೊಬ್ಬೆ ನೋಡಿದಳು, ಮಗನ ಕೈ ನೋಡಿದಳು, ಅದರಲ್ಲಿ ಮೊಬೈಲಿತ್ತು. ಸೌಟು ತಿರುಗಿತು. ನಾನು ಕಣ್ಣಾರೆ ಕಂಡದ್ದು, ಇದರಲ್ಲಿ ಒಂದು ಎಳೆಯೂ ಉತ್ಪ್ರೇಕ್ಷೆಯಿಲ್ಲ: ಎಲ್ಲೂ ಉಜ್ಜದೆ, ಗರ್ರ್ ಅನ್ನದೆ, ಸೊಸೆಯ ತಟ್ಟೆಯವರೆಗೆ ಹೋಯಿತು.